ಲೆಡ್ ಏಪ್ರನ್ ವಾಸನೆ ಬರುತ್ತಿದೆಯಾ, ಅಂಟುತ್ತಿದೆಯಾ, ಬಿರುಕು ಬಿಟ್ಟಿದೆಯಾ? ಕಾರಣ ಹುಡುಕುವುದು ಹೀಗೆ

ಎಕ್ಸ್-ರೇ ರೂಮಿನ ಬಾಗಿಲ ಹಿಂದೆ ನಾಲ್ಕು ಲೆಡ್ ಏಪ್ರನ್, ಅಂದರೆ ಕಿರಣ ತಡೆಯಲು ಮೈಮೇಲೆ ಹಾಕಿಕೊಳ್ಳುವ ಸೀಸದ ಹೊದಿಕೆ, ನೇತಾಡುತ್ತಿರುತ್ತವೆ. ಅದರಲ್ಲಿ ಒಂದನ್ನು ಹಳಬರು ಯಾರೂ ಮುಟ್ಟುವುದಿಲ್ಲ. ಹೊಸದಾಗಿ ಡ್ಯೂಟಿಗೆ ಬಂದವರ ಪಾಲಿಗೆ ಅದೇ ಬರುತ್ತದೆ. ಯಾಕೆ ಅನ್ನುವುದು ಅದರ ಕುತ್ತಿಗೆ ಭಾಗವನ್ನು ಮೂಗಿನ ಹತ್ತಿರ ಹಿಡಿದರೆ ಗೊತ್ತಾಗುತ್ತದೆ.

ಓಟಿ, ಅಂದರೆ ಆಪರೇಷನ್ ಥಿಯೇಟರ್, ಗೌನು ದಿನಾ ಲಾಂಡ್ರಿಗೆ ಹೋಗುತ್ತದೆ. ಬೆಡ್‌ಶೀಟು ಹೋಗುತ್ತದೆ. ಏಪ್ರನ್ ಮಾತ್ರ ಹೋಗುವುದಿಲ್ಲ, ಹೋಗಲೂ ಬಾರದು. ಹಾಗಾಗಿ ಅದನ್ನು ಒರೆಸುವುದು ಯಾರ ಕೆಲಸ ಅಂತ ಎಲ್ಲೂ ಬರೆದಿರುವುದಿಲ್ಲ. ಟೆಕ್ನಿಷಿಯನ್ ಅದು ಹೌಸ್‌ಕೀಪಿಂಗ್‌ನವರದ್ದು ಅಂದುಕೊಳ್ಳುತ್ತಾರೆ. ಹೌಸ್‌ಕೀಪಿಂಗ್‌ನವರಿಗೆ ಅದನ್ನು ಮುಟ್ಟಲು ಭಯ. ಒಂದೇ ಏಪ್ರನ್ ದಿನಕ್ಕೆ ಐದಾರು ಜನರ ಬೆವರು ಕುಡಿಯುತ್ತದೆ. ಮೂಳೆ ಆಪರೇಷನ್ ಮಾಡುವ ಆರ್ಥೋ ಓಟಿಯಲ್ಲಾದರೆ ರಕ್ತವೂ ಬೀಳುತ್ತದೆ.

ನಾನು ಹಲವು ವರ್ಷದಿಂದ ಸಿ-ಆರ್ಮ್, ಅಂದರೆ ಆಪರೇಷನ್ ನಡೆಯುವಾಗಲೇ ಎಕ್ಸ್-ರೇ ತೋರಿಸುವ ಮಷಿನ್, ಪಕ್ಕದಲ್ಲಿ ನಿಂತು ಕೆಲಸ ಮಾಡುವ ರೇಡಿಯೋಗ್ರಾಫರ್. ಏಪ್ರನ್ ಕೊಳೆಯಾಗಿ ಹಾಳಾಗಿದ್ದನ್ನು ನೋಡಿದ್ದೇನೆ. ಅದಕ್ಕಿಂತ ಜಾಸ್ತಿ, ತಪ್ಪಾಗಿ ತೊಳೆದು ಹಾಳಾಗಿದ್ದನ್ನು ನೋಡಿದ್ದೇನೆ. ಅದಕ್ಕೇ ಇಲ್ಲಿ ನೀವು ಕಣ್ಣಲ್ಲಿ, ಮೂಗಲ್ಲಿ, ಕೈಯಲ್ಲಿ ಗಮನಿಸುವ ಲಕ್ಷಣದಿಂದಲೇ ಶುರು ಮಾಡಿದ್ದೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಎಕ್ಸ್-ರೇ ಪರೀಕ್ಷೆ ಕೊನೆಗೆ.

ಕೈ ಹಾಕುವ ಮೊದಲು

ಏಪ್ರನ್ ಒಳಗೆ ಏನಿದೆ ಅಂತ ಗೊತ್ತಿದ್ದರೆ ಮುಂದಿನದು ಸುಲಭ. ಹೊರಗೆ ಕಾಣುವುದು ನೈಲಾನ್ ಬಟ್ಟೆ. ಅದರ ಮೇಲೆ ನೀರು ಇಳಿಯದ ಹಾಗೆ ಪಾಲಿಯುರೆಥೇನ್ ಅಥವಾ ವಿನೈಲ್ ಲೇಪನ ಇರುತ್ತದೆ. ಒಳಗಿರುವುದು ಸೀಸದ ಪುಡಿ ಬೆರೆಸಿದ ರಬ್ಬರ್ ಅಥವಾ ವಿನೈಲ್ ಹಾಳೆ. ಸೀಸವಿಲ್ಲದ ಏಪ್ರನ್‌ಗಳಲ್ಲಿ ಬಿಸ್ಮತ್, ಆಂಟಿಮನಿ, ಟಂಗ್‌ಸ್ಟನ್‌ನಂಥ ಲೋಹದ ಪುಡಿ ಇರುತ್ತದೆ. ಕಿರಣ ತಡೆಯುವುದು ಈ ಹಾಳೆ. ಅದನ್ನು ಕಾಪಾಡುವುದು ಹೊರಗಿನ ಹೊದಿಕೆ. ಹೊದಿಕೆ ಹೋದರೆ ಹಾಳೆಯೂ ಬೇಗ ಹೋಗುತ್ತದೆ. 0.25, 0.35, 0.5 ಮಿಲಿಮೀಟರ್ ಅಂತ ಲೇಬಲ್ ಮೇಲೆ ಇರುವುದು ಅಷ್ಟು ದಪ್ಪದ ಸೀಸಕ್ಕೆ ಸಮ ಅನ್ನುವ ಅರ್ಥದಲ್ಲಿ. ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಕನಿಷ್ಠ 0.25 ಇರಬೇಕು ಅನ್ನುತ್ತದೆ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಏಪ್ರನ್‌ನಲ್ಲಿ ವಿಕಿರಣ ಉಳಿದುಕೊಳ್ಳುವುದಿಲ್ಲ. ಎಕ್ಸ್-ರೇ ಬಟನ್ ಬಿಟ್ಟ ಕ್ಷಣವೇ ಕಿರಣ ಮುಗಿಯಿತು. ಏಪ್ರನ್ ಮುಟ್ಟಿದರೆ ಮೈಗೆ ಕಿರಣ ತಗಲುತ್ತದೆ ಅಂತ ಹೆದರಿ ದೂರ ನಿಲ್ಲುವ ಅಕ್ಕಂದಿರನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅವರಿಗೆ ಇದನ್ನು ಯಾರೂ ಕೂತು ಹೇಳಿರಲಿಲ್ಲ, ಅಷ್ಟೇ. ನಿಜವಾದ ಎಚ್ಚರ ಬೇಕಿರುವುದು ಎರಡಕ್ಕೆ: ಮೇಲಿರುವ ರಕ್ತ ಮತ್ತು ರೋಗಾಣುಗಳಿಗೆ, ಒಳಗಿಂದ ಹೊರಬರಬಹುದಾದ ಸೀಸದ ಪುಡಿಗೆ.

ಏಪ್ರನ್ ತೆಗೆದುಕೊಂಡ ಕೂಡಲೇ ಜೇಬು, ಎದೆ ಭಾಗ ನೋಡಿ. ಟಿಎಲ್‌ಡಿ ಬ್ಯಾಡ್ಜ್, ಅಂದರೆ ಮೈಗೆ ಬಿದ್ದ ಕಿರಣ ಅಳೆಯುವ ಬ್ಯಾಡ್ಜ್, ಸಿಕ್ಕಿಸಿದ್ದು ಹಾಗೇ ಉಳಿದಿರುತ್ತದೆ. ಬ್ಯಾಡ್ಜನ್ನು ಏಪ್ರನ್ ಒಳಗಡೆ ಎದೆ ಮಟ್ಟದಲ್ಲಿ ಧರಿಸಬೇಕು, ನಿಜ. ಆದರೆ ಏಪ್ರನ್‌ಗೇ ಸಿಕ್ಕಿಸುವುದಲ್ಲ, ನಿಮ್ಮ ಅಂಗಿಗೆ. ಬ್ಯಾಡ್ಜ್ ನೀರಲ್ಲಿ ನೆನೆದರೆ ಮುಚ್ಚಿಡಬೇಡಿ, ಆಸ್ಪತ್ರೆಯ ವಿಕಿರಣ ಸುರಕ್ಷತಾ ಅಧಿಕಾರಿಗೆ, ಅಂದರೆ ಆರ್‌ಎಸ್‌ಓಗೆ, ತಿಳಿಸಿ. ಆಮೇಲೆ ಏಪ್ರನ್ ಒಳಗಿನ ಲೇಬಲ್ ಓದಿ. ಯಾವ ದ್ರವ ಹಾಕಬಹುದು, ಯಾವುದು ಬೇಡ ಅಂತ ತಯಾರಕರು ಅಲ್ಲೇ ಬರೆದಿರುತ್ತಾರೆ. ನಾನು ಇಲ್ಲಿ ಹೇಳುವುದಕ್ಕೂ ಲೇಬಲ್‌ಗೂ ಹೊಂದದಿದ್ದರೆ ಲೇಬಲ್ ಮಾತೇ ಕೇಳಿ. ಅಕ್ಷರ ಅಳಿಸಿಹೋಗುವ ಮೊದಲೇ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಒಳ್ಳೆಯದು.

ಲಕ್ಷಣ: ವಾಸನೆ ಬರುತ್ತಿದೆ

ಎಲ್ಲಿಂದ ಬರುತ್ತಿದೆ ಅಂತ ಮೊದಲು ಗುರುತಿಸಿ. ಕುತ್ತಿಗೆ, ಭುಜ, ಕಂಕುಳ ಹತ್ತಿರ ಮಾತ್ರ ಇದ್ದರೆ ಅದು ಬೆವರು. ಇಡೀ ಏಪ್ರನ್ ಒಂದೇ ತರ ಮುಗ್ಗಲು ವಾಸನೆ ಬರುತ್ತಿದ್ದರೆ ಗಾಳಿ ಆಡುತ್ತಿಲ್ಲ ಅಂತ ಅರ್ಥ. ಕೆಳಗಿನ ಅಂಚಿನಿಂದ ಮಾತ್ರ ಬರುತ್ತಿದ್ದರೆ ಸ್ವಲ್ಪ ಚಿಂತೆ ಮಾಡಬೇಕು. ಹೊಲಿಗೆಯೊಳಗೆ ನೀರು ಇಳಿದು ಅಲ್ಲಿ ನಿಂತಿರಬಹುದು.

ಕಾಸು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಅಗಲ ಹ್ಯಾಂಗರ್‌ಗೆ ಒಂಟಿಯಾಗಿ ತೂಗು ಹಾಕಿ, ರಾತ್ರಿಯಿಡೀ ಫ್ಯಾನ್ ಗಾಳಿಗೆ ಬಿಡಿ. ಬೆಳಿಗ್ಗೆ ವಾಸನೆ ಹೋಗಿದ್ದರೆ ಅದು ಬರೀ ತೇವ. ಸ್ಟ್ಯಾಂಡ್‌ನಲ್ಲಿ ಏಪ್ರನ್‌ಗಳ ನಡುವೆ ಒಂದು ಗೇಣು ಜಾಗ ಬಿಟ್ಟರೆ ಸಾಕು, ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ರಾತ್ರಿ ಸಾಲುವುದಿಲ್ಲ, ಎರಡು ಕೊಡಿ.

ಬೆಳಿಗ್ಗೆಯೂ ವಾಸನೆ ಉಳಿದಿದ್ದರೆ ತೊಳೆಯಬೇಕು. ತೊಳೆಯುವುದು ಅಂದರೆ ಬಕೆಟ್‌ಗೆ ಅದ್ದುವುದಲ್ಲ. ನಾನು ಮಾಡುವ ರೀತಿ ಹೀಗಿದೆ.

ಉದ್ದ ಮೇಜಿನ ಮೇಲೆ ಹಳೆಯ ಶೀಟು ಹಾಸಿ, ಏಪ್ರನ್ನನ್ನು ಮಡಿಕೆ ಬೀಳದಂತೆ ಚಪ್ಪಟೆ ಮಲಗಿಸುತ್ತೇನೆ. ಕೈಗೆ ಗ್ಲೌಸ್. ಒಂದು ಬಟ್ಟಲಲ್ಲಿ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ಅದಕ್ಕೆ ಸೌಮ್ಯವಾದ ದ್ರವ ಡಿಟರ್ಜೆಂಟ್ ಸ್ವಲ್ಪವೇ. ಇನ್ನೊಂದರಲ್ಲಿ ಬರೀ ನೀರು. ಕೈಯಲ್ಲಿ ಚೆನ್ನಾಗಿ ಕಲಕಿ ನೊರೆ ಎಬ್ಬಿಸಿ, ಆ ನೊರೆಯನ್ನು ಮಾತ್ರ ಮೆತ್ತನೆಯ ಬ್ರಷ್‌ಗೆ ತೆಗೆದುಕೊಳ್ಳುತ್ತೇನೆ. ಕುತ್ತಿಗೆಯ ಒಳಭಾಗದಲ್ಲಿ ಕಂದು ಪಟ್ಟಿ ಇರುತ್ತದಲ್ಲ, ಅದು ಬೆವರು, ಎಣ್ಣೆ, ಪೌಡರ್ ಸೇರಿ ಗಟ್ಟಿಯಾದದ್ದು. ಅದರ ಮೇಲೆ ನೊರೆ ಹಚ್ಚಿ ಎರಡು ನಿಮಿಷ ಸುಮ್ನೆ ಬಿಡಬೇಕು. ಆಮೇಲೆ ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜಿದರೆ ನೊರೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಹಿಂಡಿದ ಬಟ್ಟೆಯಲ್ಲಿ ಅದನ್ನು ಒತ್ತಿ ತೆಗೆದು, ಮತ್ತೆ ಹೊಸ ನೊರೆ. ನೊರೆ ಬಿಳಿಯಾಗಿಯೇ ಉಳಿಯುವವರೆಗೆ ಹೀಗೇ. ಕೊನೆಗೆ ಬರೀ ನೀರಿನ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ, ಒಣ ಟವೆಲ್‌ನಲ್ಲಿ ಒತ್ತಿ, ತೂಗು ಹಾಕುತ್ತೇನೆ.

ಅದ್ದಬಾರದು ಯಾಕೆ? ಹೊಲಿಗೆಯ ಪ್ರತಿ ಸೂಜಿ ತೂತೂ ನೀರಿಗೆ ದಾರಿ. ಒಳಗೆ ಹೋದ ನೀರು ಹಾಳೆಗಳ ನಡುವೆ ಸಿಕ್ಕಿಕೊಂಡರೆ ಅಷ್ಟು ಸುಲಭಕ್ಕೆ ಒಣಗುವುದಿಲ್ಲ. ವಾಷಿಂಗ್ ಮಷಿನ್, ಡ್ರೈ ಕ್ಲೀನಿಂಗ್, ಇಸ್ತ್ರಿ, ಆಟೋಕ್ಲೇವ್ ಯಾವುದೂ ಬೇಡ. ಹಿಂಡುವುದೂ ಬೇಡ. ಬಿಸಿಲಿಗೆ ಹಾಕಿದರೆ ರೋಗಾಣು ಸಾಯುತ್ತದೆ ಅಂತ ಮನೆಯಲ್ಲಿ ಹೇಳುವ ಮಾತು ಹಾಸಿಗೆಗೆ ಸರಿ. ಏಪ್ರನ್‌ನ ಲೇಪನ ಬಿಸಿಲಿಗೆ ಬಿರುಸಾಗುತ್ತದೆ. ಸೆಂಟು, ರೂಮ್ ಫ್ರೆಶ್‌ನರ್ ಹೊಡೆಯುವವರೂ ಇದ್ದಾರೆ. ಅದರಿಂದ ಕೊಳೆಯ ಮೇಲೆ ಇನ್ನೊಂದು ಪದರ ಕೂರುತ್ತದೆ, ಅಷ್ಟೇ.

ಸರಿಯಾಗಿ ತೊಳೆದ ಎರಡೇ ದಿನಕ್ಕೆ ವಾಸನೆ ವಾಪಸ್ ಬಂದರೆ ಅದು ಮೇಲಿನ ಕೊಳೆಯಲ್ಲ. ಕೆಳಗೆ ನೀರು ಇಳಿದ ಲಕ್ಷಣಕ್ಕೆ ಹೋಗಿ.

ಲಕ್ಷಣ: ಕೈಗೆ ಅಂಟುತ್ತದೆ, ಅಥವಾ ಬಿಳಿ ಪೊರೆ ಕಾಣುತ್ತದೆ

ದಿನಾ ಒರೆಸುವ ವಾರ್ಡುಗಳಲ್ಲೇ ಇದು ಜಾಸ್ತಿ. ಒಂದು ಅಂಗೈಯಷ್ಟು ಜಾಗವನ್ನು ಬರೀ ನೀರಿನ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಅಂಟು ಹೋಗಿ ಹೊಳಪು ಬಂದರೆ ಅದು ಸೋಂಕುನಿವಾರಕದ ಉಳಿಕೆ. ಅಮೋನಿಯಂ ಗುಂಪಿನ ಸೋಂಕುನಿವಾರಕಗಳು ಒಣಗಿದ ಮೇಲೂ ಮೇಲ್ಮೈಯಲ್ಲಿ ತೆಳ್ಳಗೆ ಉಳಿಯುತ್ತವೆ. ದಿನಕ್ಕೆ ನಾಲ್ಕು ಸಲ ಒರೆಸಿ ಒಮ್ಮೆಯೂ ನೀರಿನಲ್ಲಿ ತೆಗೆಯದಿದ್ದರೆ ಪದರ ಪದರವಾಗಿ ಕೂರುತ್ತದೆ. ಆ ಅಂಟಿಗೆ ಧೂಳು ಹಿಡಿಯುತ್ತದೆ. ಸ್ವಚ್ಛ ಮಾಡಿದ್ದಕ್ಕೇ ಕೊಳೆಯಾಗುವುದು ಅಂದರೆ ಇದು. ದಿನದ ಕೊನೆಗೆ ಒಮ್ಮೆ ಬರೀ ನೀರಿನ ಒರೆಸು ಸೇರಿಸಿಕೊಂಡರೆ ಸಾಕು.

ಬಿಳಿ ಪೊರೆ ಒರೆಸಿದಷ್ಟೂ ಮತ್ತೆ ಬರುತ್ತಿದ್ದರೆ ನೀರನ್ನೇ ಅನುಮಾನಿಸಿ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ಅದರ ಜೊತೆ ಬಾರ್ ಸೋಪು ಸೇರಿದರೆ ನೊರೆಯ ಬದಲು ಗಸಿ ಆಗುತ್ತದೆ. ಸೋಪು ಬಿಟ್ಟು ದ್ರವ ಡಿಟರ್ಜೆಂಟ್ ಬಳಸಿ, ಕೊನೆಯ ಒರೆಸಿಗೆ ಆರ್‌ಓ ನೀರು ತೆಗೆದುಕೊಳ್ಳಿ. ಕ್ಯಾಥ್‌ಲ್ಯಾಬ್‌ನಲ್ಲಿ ಅಲ್ಲಲ್ಲಿ ಹನಿಹನಿಯಾಗಿ ಅಂಟುತ್ತಿದ್ದರೆ ಅದು ಒಣಗಿದ ಕಾಂಟ್ರಾಸ್ಟ್ ದ್ರವ, ಅಂದರೆ ರಕ್ತನಾಳ ಎಕ್ಸ್-ರೇಯಲ್ಲಿ ಕಾಣಲು ಕೊಡುವ ದ್ರವ. ಉಗುರುಬೆಚ್ಚಗಿನ ನೀರಿನ ಬಟ್ಟೆಯನ್ನು ಒಂದು ನಿಮಿಷ ಅದರ ಮೇಲಿಟ್ಟರೆ ಕರಗುತ್ತದೆ.

ಮೂರು ಸಲ ನೀರಿನಲ್ಲಿ ಒರೆಸಿದ ಮೇಲೂ ಬೆರಳು ಅಂಟುತ್ತಿದ್ದರೆ, ಜೊತೆಗೆ ಬಣ್ಣವೂ ಬಟ್ಟೆಗೆ ಬರುತ್ತಿದ್ದರೆ, ಲೇಪನವೇ ಕರಗುತ್ತಿದೆ. ಅದಕ್ಕೆ ತೊಳೆಯುವುದು ಪರಿಹಾರ ಅಲ್ಲ. ಬಿರುಕಿನ ಲಕ್ಷಣಕ್ಕೆ ಹೋಗಿ.

ಲಕ್ಷಣ: ರಕ್ತ, ಬೆಟಡಿನ್, ಪಿಓಪಿ (ಮೂಳೆ ಮುರಿದಾಗ ಹಾಕುವ ಪ್ಲಾಸ್ಟರ್) ಕಲೆ

ರಕ್ತ ಬಿದ್ದರೆ ಕಾಯಬೇಡಿ. ಗ್ಲೌಸ್ ಹಾಕಿ, ಟಿಶ್ಯೂನಿಂದ ಒತ್ತಿ ಹೀರಿಸಿ, ತಣ್ಣೀರು ಮತ್ತು ಡಿಟರ್ಜೆಂಟ್‌ನಲ್ಲಿ ತೆಗೆಯಿರಿ. ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನ್ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸೋಂಕುನಿವಾರಕ ಹಾಕುವುದು ರಕ್ತ ಪೂರ್ತಿ ಹೋದ ಮೇಲೆ. ಕೊಳೆಯ ಮೇಲೆ ಹಾಕಿದ ಔಷಧ ಕೊಳೆಯಲ್ಲೇ ಖರ್ಚಾಗುತ್ತದೆ, ಕೆಳಗಿನ ರೋಗಾಣುವಿಗೆ ತಲುಪುವುದಿಲ್ಲ.

ಇಲ್ಲೇ ದೊಡ್ಡ ತಪ್ಪು ಆಗುವುದು. ನೆಲದ ಮೇಲೆ ರಕ್ತ ಬಿದ್ದರೆ 1% ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚ್ ದ್ರಾವಣ, ಹಾಕುತ್ತೇವಲ್ಲ, ಅದನ್ನೇ ಏಪ್ರನ್‌ಗೂ ಹಾಕುತ್ತಾರೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಹೊಸದಾಗಿ ಸೇರಿದ ಹೌಸ್‌ಕೀಪಿಂಗ್ ಅಕ್ಕ ಒಬ್ಬರು ಎರಡು ಏಪ್ರನ್‌ಗಳನ್ನು ರಾತ್ರಿಯಿಡೀ ಹೈಪೋ ಬಕೆಟ್‌ನಲ್ಲಿ ನೆನೆಸಿದ್ದರು. ಪಾಪ, ಚೆನ್ನಾಗಿ ಮಾಡಬೇಕು ಅಂತಲೇ ಮಾಡಿದ್ದು. ಬೆಳಿಗ್ಗೆ ನೋಡಿದಾಗ ನೀಲಿ ಬಣ್ಣ ಅಲ್ಲಲ್ಲಿ ಬೆಳ್ಳಗಾಗಿತ್ತು. ವೆಲ್ಕ್ರೋ ಬಿರುಸಾಗಿತ್ತು. ಕೆಲವು ತಿಂಗಳಲ್ಲಿ ಸೊಂಟದ ಹತ್ತಿರ ಲೇಪನ ಸುಲಿಯಲು ಶುರುವಾಯಿತು. ಬೈಸಿಕೊಂಡವರು ಅವರು. ಹೇಗೆ ಮಾಡಬೇಕು ಅಂತ ಹೇಳಿಕೊಡದವರು ನಾವು. ಆಮೇಲೆ ಸ್ಟ್ಯಾಂಡ್ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿದೆವು: ಅದ್ದಬೇಡಿ, ಹೈಪೋ ಬೇಡ, ಸ್ಪಿರಿಟ್ ಬೇಡ, ಮಡಚಬೇಡಿ. ಆ ನಾಲ್ಕು ಮಾತು ಮೊದಲೇ ಬರೆದಿದ್ದರೆ ಎರಡು ಏಪ್ರನ್ ಉಳಿಯುತ್ತಿದ್ದವು.

ಕಲೆ ಹೋಗುತ್ತಿಲ್ಲ ಅಂತ ಹೈಪೋಗೆ ಟಾಯ್ಲೆಟ್ ಕ್ಲೀನರ್ ಬೆರೆಸುವುದನ್ನಂತೂ ಎಂದಿಗೂ ಮಾಡಬೇಡಿ. ಆಮ್ಲ ಸೇರಿದ ಕೂಡಲೇ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಎಕ್ಸ್-ರೇ ರೂಮಿನಲ್ಲಿ ಅದು ಪ್ರಾಣಾಪಾಯ. ಕಣ್ಣು, ಗಂಟಲು ಉರಿದರೆ ಎಲ್ಲ ಬಿಟ್ಟು ಹೊರಗೆ ಬನ್ನಿ.

ಬೆಟಡಿನ್ ಹಸಿಯಾಗಿದ್ದಾಗ ನೀರಿಗೇ ಹೋಗುತ್ತದೆ. ಹಳೆಯ ಕಲೆಯ ತಿಳಿ ಹಳದಿ ಛಾಯೆ ಉಳಿದರೆ ಬಿಟ್ಟುಬಿಡಿ. ಸ್ವಚ್ಛವಾಗಿ ಒರೆಸಿದ ಮೇಲೆ ಉಳಿದ ಬಣ್ಣದಿಂದ ತೊಂದರೆ ಇಲ್ಲ. ಅದನ್ನು ತೆಗೆಯಲು ಗಸಗಸ ಉಜ್ಜಿದರೆ ಲೇಪನ ಹೋಗುತ್ತದೆ. ಪಿಓಪಿ ಒಣಗಲಿ, ಕೈಯಲ್ಲಿ ಉದುರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ಲೇಡಿನಲ್ಲಿ ಕೆರೆಯಬೇಡಿ.

ಲಕ್ಷಣ: ಕುತ್ತಿಗೆ ತುರಿಸುತ್ತದೆ, ಕೆಂಪಾಗುತ್ತದೆ

ಥೈರಾಯ್ಡ್ ಕಾಲರ್, ಅಂದರೆ ಕಿರಣ ತಡೆಯಲು ಕುತ್ತಿಗೆಗೆ ಸುತ್ತುವ ಪಟ್ಟಿ, ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಏಪ್ರನ್ ಕೆಳಗೆ ಅಂಗಿ ಇರುತ್ತದೆ, ಕಾಲರ್ ನೇರ ಚರ್ಮಕ್ಕೇ ತಾಗುತ್ತದೆ. ಹಾಗಾಗಿ ಎಲ್ಲಕ್ಕಿಂತ ಜಾಸ್ತಿ ಕೊಳೆಯಾಗುವುದು ಅದೇ. ಮರೆತುಹೋಗುವುದೂ ಅದೇ.

ಎರಡು ಪ್ರಶ್ನೆ ಕೇಳಿಕೊಳ್ಳಿ. ತುರಿಕೆ ನಿಮಗೆ ಮಾತ್ರವೋ, ಅದೇ ಕಾಲರ್ ಹಾಕಿದ ಬೇರೆಯವರಿಗೂ ಇದೆಯೋ? ಹಾಕಿದ ಹತ್ತು ನಿಮಿಷಕ್ಕೇ ಉರಿಯುತ್ತದೆಯೋ, ಎರಡು ಮೂರು ದಿನ ಕಳೆದು ಬರುತ್ತದೆಯೋ? ಕೂಡಲೇ ಉರಿದರೆ ಹೆಚ್ಚಾಗಿ ಅದು ಒಣಗುವ ಮೊದಲೇ ಹಾಕಿಕೊಂಡ ಸೋಂಕುನಿವಾರಕ. ಒರೆಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ನೀರಿನ ಬಟ್ಟೆಯಲ್ಲಿ ತೆಗೆದು, ಒಣಗಿದ ಮೇಲೆ ಹಾಕಿ ನೋಡಿ. ಉರಿ ನಿಂತರೆ ಕಾರಣ ಸಿಕ್ಕಿತು. ನಿಧಾನವಾಗಿ ಬಂದು, ಅಂಚು ಉಬ್ಬಿ, ಉಂಗುರದ ಹಾಗೆ ಹರಡುತ್ತಿದ್ದರೆ ಹುಳುಕಡ್ಡಿ ಇರಬಹುದು. ಕೀವು ಗುಳ್ಳೆ ಇದ್ದರೆ ಬ್ಯಾಕ್ಟೀರಿಯಾ ಸೋಂಕು ಇರಬಹುದು. ಎರಡಕ್ಕೂ ಚರ್ಮದ ವೈದ್ಯರನ್ನು ನೋಡಿ, ಅಲ್ಲಿಯವರೆಗೆ ಆ ಕಾಲರ್ ಯಾರಿಗೂ ಕೊಡಬೇಡಿ. ಆಸ್ಪತ್ರೆಗಳ ಏಪ್ರನ್ ಪರೀಕ್ಷಿಸಿದ ಅಧ್ಯಯನಗಳಲ್ಲಿ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾ ಸಿಕ್ಕಿದೆ. ಇದು ಬರೀ ಕಲ್ಪನೆಯ ಭಯ ಅಲ್ಲ.

ಹಾಗಂತ ತೀರಾ ಬಲವಾದ ಔಷಧ ಬೇಕಿಲ್ಲ. ಸೋಂಕಿನ ಅಪಾಯ ನೋಡಿ ಆಸ್ಪತ್ರೆ ಸಾಮಾನುಗಳಿಗೆ ಅರ್ಲ್ ಸ್ಪಾಲ್ಡಿಂಗ್ ಮಾಡಿದ ವಿಂಗಡಣೆಯನ್ನು ಸೋಂಕು ನಿಯಂತ್ರಣದ ಸಿಸ್ಟರ್‌ಗಳು ಇಂದಿಗೂ ಬಳಸುತ್ತಾರೆ. ಅದರ ಪ್ರಕಾರ ಗಾಯವಿಲ್ಲದ ಚರ್ಮಕ್ಕೆ ಮಾತ್ರ ತಾಗುವ ವಸ್ತುವಿಗೆ ಕೆಳ ಹಂತದ ಸೋಂಕುನಿವಾರಣೆ ಸಾಕು. ಏಪ್ರನ್ ಆ ಗುಂಪಿನದು. ರಕ್ತ ಬಿದ್ದರೆ ಒಂದು ಹಂತ ಮೇಲೆ. ಆದರೆ ಹೊತ್ತು ಮುಖ್ಯ. ಡಬ್ಬಿಯ ಮೇಲೆ ಎಷ್ಟು ನಿಮಿಷ ಒದ್ದೆಯಾಗಿರಬೇಕು ಅಂತ ಬರೆದಿರುತ್ತದೆ. ಓಟಿಯ ಎಸಿ ಗಾಳಿಗೆ ಒಂದು ವೈಪ್ ಅಷ್ಟು ಹೊತ್ತು ಒದ್ದೆ ಉಳಿಯುವುದಿಲ್ಲ, ಬೇಗ ಆರಿಬಿಡುತ್ತದೆ. ಗಡಿಯಾರ ನೋಡಿ, ಬೇಕಿದ್ದರೆ ಎರಡನೇ ವೈಪ್ ತೆಗೆದುಕೊಳ್ಳಿ. ಕೋವಿಡ್ ಕಾಲದಲ್ಲಿ ಬಂದ ಯುವಿ ಪೆಟ್ಟಿಗೆಗಳು ಇದಕ್ಕೆ ಬದಲಿ ಅಲ್ಲ. ಬೆಳಕು ಬಿದ್ದ ಕಡೆ ಮಾತ್ರ ಅದು ಕೆಲಸ ಮಾಡುತ್ತದೆ. ಮಡಿಕೆಯ ಒಳಗೆ, ಕೊಳೆಯ ಕೆಳಗೆ ಇಲ್ಲ.

ನನ್ನ ಅನುಭವದಲ್ಲಿ ತಿಂಗಳಿಗೊಮ್ಮೆ ಮಾಡುವ ದೊಡ್ಡ ತೊಳೆತಕ್ಕಿಂತ, ಪ್ರತಿ ಸಲ ಬಿಚ್ಚಿದಾಗ ಕಾಲರ್‌ಗೆ ಕೊಡುವ ಒಂದು ಒರೆಸು ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಸಾಧ್ಯವಾದರೆ ಒಬ್ಬರಿಗೆ ಒಂದು ಕಾಲರ್ ಇರಲಿ, ಹೆಸರು ಬರೆದು.

ಲಕ್ಷಣ: ಕಪ್ಪು ಚುಕ್ಕೆ, ಬೂಷ್ಟು

ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರುತ್ತದೆಯಾ ನೋಡಿ. ಬಂದರೆ ಮೇಲಿನ ಬೂಷ್ಟು. ಒಣ ಬ್ರಷ್‌ನಲ್ಲಿ ಕೊಡವಬೇಡಿ, ಅದರ ಬೀಜಾಣು ಗಾಳಿಗೆ ಹಾರುತ್ತದೆ. ಮಾಸ್ಕ್ ಹಾಕಿ, ನೊರೆಯಲ್ಲಿ ತೊಳೆದು, ಲೇಬಲ್ ಒಪ್ಪುವ ಸೋಂಕುನಿವಾರಕ ಹಚ್ಚಿ, ಪೂರ್ತಿ ಒಣಗಿಸಿ. ಚುಕ್ಕೆ ಹೊಲಿಗೆಯ ಉದ್ದಕ್ಕೂ ಸಾಲಾಗಿ ಇದ್ದು ಒರೆಸಿದರೆ ಬಾರದಿದ್ದರೆ, ಬೂಷ್ಟು ಒಳಗಿದೆ.

ಲಕ್ಷಣ: ವೆಲ್ಕ್ರೋ ಹಿಡಿಯುತ್ತಿಲ್ಲ

ಹತ್ತಕ್ಕೆ ಎಂಟು ಸಲ ವೆಲ್ಕ್ರೋ ಹಾಳಾಗಿರುವುದಿಲ್ಲ, ಅದರ ಕೊಕ್ಕೆಗಳಲ್ಲಿ ಕೂದಲು, ಹತ್ತಿ, ನೂಲು ತುಂಬಿರುತ್ತದೆ. ಹಳೆಯ ಟೂತ್‌ಬ್ರಷ್ ಅಥವಾ ಸಣ್ಣ ಹಲ್ಲಿನ ಬಾಚಣಿಗೆ ಸಾಕು. ತೊಳೆಯುವಾಗ ವೆಲ್ಕ್ರೋ ಮುಚ್ಚಿಟ್ಟರೆ ಮತ್ತೆ ತುಂಬುವುದಿಲ್ಲ. ಕೊಕ್ಕೆಗಳೇ ಚಪ್ಪಟೆಯಾಗಿದ್ದರೆ ತಯಾರಕರ ಕಡೆಯಿಂದ ಬದಲಾಯಿಸಿ. ಹೊರಗಿನ ದರ್ಜಿ ಹತ್ತಿರ ಹೊಲಿಸಬೇಡಿ. ಸೂಜಿ ಒಳಗಿನ ಹಾಳೆಯನ್ನು ತೂತು ಮಾಡುತ್ತದೆ.

ಲಕ್ಷಣ: ತೊಳೆದ ಮರುದಿನವೂ ಕೆಳಗಿನ ಅಂಚು ಒದ್ದೆ

ಅಂಚನ್ನು ಬಿಳಿ ಟಿಶ್ಯೂನಲ್ಲಿ ಒತ್ತಿ ನೋಡಿ. ಟಿಶ್ಯೂ ಒದ್ದೆಯಾಗಿ ಬಿಳಿಯಾಗೇ ಇದ್ದರೆ ನೀರು ಒಳಗಿದೆ, ಸದ್ಯಕ್ಕೆ ಅಷ್ಟೇ. ಮೂರು ನಾಲ್ಕು ದಿನ ತೂಗು ಹಾಕಿ, ಫ್ಯಾನ್ ಕೆಳಗೆ ಬಿಡಿ, ಅಲ್ಲಿಯವರೆಗೆ ಬಳಸಬೇಡಿ. ಹೇರ್ ಡ್ರೈಯರ್, ಹೀಟರ್ ಬೇಡ. ಟಿಶ್ಯೂಗೆ ಬೂದು ಬಣ್ಣ ಬಂದರೆ ಅಲ್ಲೇ ನಿಲ್ಲಿಸಿ. ಮುಂದಿನದನ್ನೂ ಓದಿ.

ಲಕ್ಷಣ: ಹೊದಿಕೆ ಬಿರುಸಾಗಿದೆ, ಬಿರುಕು ಬಿಟ್ಟಿದೆ, ಬೂದು ಪುಡಿ ಉದುರುತ್ತಿದೆ

ಮೊಬೈಲ್ ಟಾರ್ಚನ್ನು ಏಪ್ರನ್‌ಗೆ ಓರೆಯಾಗಿ ಹಿಡಿದು, ಸೊಂಟ ಮತ್ತು ಭುಜದ ಮಡಿಕೆ ಜಾಗ ನೋಡಿ. ನೇರ ಬೆಳಕಿಗೆ ನಯವಾಗಿ ಕಂಡದ್ದು ಓರೆ ಬೆಳಕಿಗೆ ಬೇಸಿಗೆಯ ಕೆರೆ ಅಂಗಳದ ಹಾಗೆ ಸಣ್ಣ ಸಣ್ಣ ಬಿರುಕಾಗಿ ಕಾಣುತ್ತದೆ. ಪದೇ ಪದೇ ಸ್ಪಿರಿಟ್‌ನಲ್ಲಿ ಒರೆಸಿದ ಏಪ್ರನ್‌ಗಳಲ್ಲಿ ನಾನು ಇದನ್ನು ಜಾಸ್ತಿ ಕಂಡಿದ್ದೇನೆ. ಬೇಗ ಒಣಗುತ್ತದೆ ಅಂತ ಎಲ್ಲರಿಗೂ ಸ್ಪಿರಿಟ್ ಇಷ್ಟ. ಆದರೆ ಲೇಪನದ ಮೆದುತನ ಅದರಿಂದಲೇ ಹೋಗುತ್ತದೆ. ಮೇಲ್ಮೈ ಬಿರುಕು ಬಿಟ್ಟರೆ ಎರಡು ತೊಂದರೆ. ಬಿರುಕಿನೊಳಗೆ ಕೂತ ರೋಗಾಣುವನ್ನು ಯಾವ ವೈಪ್ ಕೂಡ ಮುಟ್ಟುವುದಿಲ್ಲ. ಜೊತೆಗೆ ಒಳಗಿನ ಹಾಳೆ ಬಯಲಾಗುತ್ತದೆ. ಅಂಟು ಟೇಪು ಹಾಕಿ ಮುಂದುವರಿಸುವುದು ಪರಿಹಾರ ಅಲ್ಲ. ಟೇಪಿನ ಅಂಚಿನಲ್ಲಿ ಕೊಳೆ ಇನ್ನೂ ಜಾಸ್ತಿ ಕೂರುತ್ತದೆ.

ಬೂದು ಪುಡಿ ಕಂಡರೆ, ಒಳಗಿನ ಲೇಬಲ್‌ನಲ್ಲಿ ಸೀಸವಿಲ್ಲ ಅಂತ ಬರೆದಿರದಿದ್ದರೆ, ಅದನ್ನು ಸೀಸ ಅಂತಲೇ ತಿಳಿಯಿರಿ. ಸೀಸ ಮೈಗೆ ಸೇರುವುದು ಮುಖ್ಯವಾಗಿ ಕೈಯಿಂದ ಬಾಯಿಗೆ, ಮತ್ತು ಧೂಳಾಗಿ ಉಸಿರಿಗೆ. ಗುಡಿಸಬೇಡಿ, ಕೊಡವಬೇಡಿ, ಸಾಮಾನ್ಯ ವ್ಯಾಕ್ಯೂಮ್ ಹಾಕಬೇಡಿ. ಗ್ಲೌಸ್ ಮತ್ತು ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ನೆಲ ಮತ್ತು ಸ್ಟ್ಯಾಂಡ್ ಒರೆಸಿ. ಆ ಬಟ್ಟೆಯನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಿಗಿಯಾಗಿ ಕಟ್ಟಿ. ಏಪ್ರನ್ನನ್ನೂ ದೊಡ್ಡ ಕವರ್‌ನಲ್ಲಿ ಮುಚ್ಚಿ, ಬಳಸಬೇಡಿ ಅಂತ ಚೀಟಿ ಅಂಟಿಸಿ. ಆಮೇಲೆ ಕೈಯನ್ನು ಸೋಪು ನೀರಿನಲ್ಲಿ ತೊಳೆಯಿರಿ. ಹ್ಯಾಂಡ್‌ರಬ್ ಸಾಲದು. ಅದು ರೋಗಾಣುವನ್ನು ಕೊಲ್ಲುತ್ತದೆ, ಸೀಸವನ್ನು ತೆಗೆಯುವುದಿಲ್ಲ. ಗರ್ಭಿಣಿಯರು ಈ ಕೆಲಸ ಮಾಡಬಾರದು, ಯಾಕೆಂದರೆ ಸೀಸ ಮಗುವಿಗೂ ತಲುಪುತ್ತದೆ. ಬಹಳ ದಿನದಿಂದ ಇಂಥ ಏಪ್ರನ್ ಬಳಸುತ್ತಿದ್ದೀರಿ ಅಂತಾದರೆ ವೈದ್ಯರಿಗೆ ಹೇಳಿ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿಕೊಳ್ಳಿ.

ಕಣ್ಣಿಗೆ ಪುಡಿ ಕಾಣದ ಏಪ್ರನ್ ಮೇಲೂ ಸೀಸದ ಧೂಳು ಇರಬಹುದು ಅಂತ ಅಮೆರಿಕದಲ್ಲಿ ಮಾಡಿದ ಅಧ್ಯಯನ ತೋರಿಸಿದೆ. ಅದಕ್ಕೇ ಏಪ್ರನ್ ಬಿಚ್ಚಿ ನೇರ ಟೀ ಕುಡಿಯಲು ಹೋಗುವ ಅಭ್ಯಾಸ ಬಿಡೋಣ. ನಡುವೆ ಒಂದು ಸಲ ಕೈ ತೊಳೆದರೆ ಆಯಿತು ಅಲ್ವಾ?

ಲಕ್ಷಣ: ಒಳಗೆ ಉಂಡೆ, ಗಟ್ಟಿ ಗೆರೆ, ಕೆಳಗೆ ಭಾರ

ಹೊದಿಕೆ ಹೊಸದರ ಹಾಗೇ ಇರಬಹುದು, ಒಳಗಿನ ಹಾಳೆ ಹರಿದಿರಬಹುದು. ಏಪ್ರನ್ನನ್ನು ಮೇಜಿನ ಮೇಲೆ ಹರಡಿ, ಎರಡೂ ಅಂಗೈಗಳ ನಡುವೆ ಹಿಡಿದು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಸವರಿ. ಸಮನಾದ ದಪ್ಪ ಸಿಗಬೇಕು. ಬೆರಳಿಗೆ ಗೆರೆ ಸಿಕ್ಕರೆ ಅದು ಮಡಿಕೆಯ ಬಿರುಕು. ಭುಜದ ಹತ್ತಿರ ತೆಳ್ಳಗಾಗಿ ಕೆಳ ಅಂಚಿನಲ್ಲಿ ದಪ್ಪ ಸಿಕ್ಕರೆ ಹಾಳೆ ಹೊಲಿಗೆಯಿಂದ ಕಿತ್ತು ಜಾರಿದೆ. ಕುರ್ಚಿಯ ಬೆನ್ನಿಗೆ ಎಸೆಯುವುದು, ಮಡಚಿ ಕಪಾಟಿಗೆ ತುರುಕುವುದು, ಮೊಳೆಗೆ ಸಿಕ್ಕಿಸುವುದು ಇವೇ ಕಾರಣ. ಸ್ವಂತ ಏಪ್ರನ್ ಇರುವ ಡಾಕ್ಟರುಗಳು ಅದನ್ನು ಕಾರಿನ ಡಿಕ್ಕಿಯಲ್ಲಿ ಮಡಚಿಡುತ್ತಾರೆ. ಆ ಬಿಸಿಗೆ, ಆ ಮಡಿಕೆಗೆ ಯಾವ ಹಾಳೆಯೂ ಬಹಳ ದಿನ ತಡೆಯುವುದಿಲ್ಲ.

ಅನುಮಾನ ಬಂದ ಮೇಲೆ ಕೈ ಪರೀಕ್ಷೆ ಮುಗಿಯಿತು, ಇನ್ನು ಕಿರಣದ ಪರೀಕ್ಷೆಯೇ ಆಗಬೇಕು. ಇದನ್ನು ಆರ್‌ಎಸ್‌ಓ ಅಥವಾ ತರಬೇತಿ ಪಡೆದ ರೇಡಿಯೋಗ್ರಾಫರ್ ಮಾತ್ರ ಮಾಡಬೇಕು. ಮಾಡುವವರು ಪರೀಕ್ಷೆ ಮಾಡಿದ, ಸರಿಯಿರುವ ಇನ್ನೊಂದು ಏಪ್ರನ್ ಧರಿಸಿರಬೇಕು. ಪರೀಕ್ಷೆಯ ಏಪ್ರನ್ ಮೇಲೆ ಯಾರ ಬ್ಯಾಡ್ಜ್ ಕೂಡ ಇರಬಾರದು, ಇದ್ದರೆ ಅವರ ಹೆಸರಿಗೆ ಸುಳ್ಳು ಡೋಸ್ ಬೀಳುತ್ತದೆ. ಸಿ-ಆರ್ಮ್‌ನಲ್ಲಿ ಮಾಡುವಾಗ ಆಟೋ ಬಿಟ್ಟು ಮ್ಯಾನುವಲ್‌ಗೆ ಹಾಕಿ. ಆಟೋದಲ್ಲಿ ಬಿಟ್ಟರೆ ಸೀಸ ಅಡ್ಡ ಬಂದ ಕೂಡಲೇ ಮಷಿನ್ ಕಿರಣವನ್ನು ಏರಿಸುತ್ತಾ ಹೋಗುತ್ತದೆ. ಸಿಟಿ ಇರುವ ಕಡೆ, ಏಪ್ರನ್ನನ್ನು ಟೇಬಲ್ ಮೇಲೆ ಹರಡಿ ಬರೀ ಸ್ಕೌಟ್ ಚಿತ್ರ, ಅಂದರೆ ಸ್ಕ್ಯಾನ್‌ಗೆ ಮೊದಲು ತೆಗೆಯುವ ಚಪ್ಪಟೆ ಚಿತ್ರ, ತೆಗೆದರೆ ಒಂದೇ ಸಲಕ್ಕೆ ಪೂರ್ತಿ ಕಾಣುತ್ತದೆ. ಕೋಣೆಯೊಳಗೆ ಯಾರೂ ನಿಲ್ಲಬೇಕಿಲ್ಲ.

ಎಷ್ಟು ದೊಡ್ಡ ಬಿರುಕಿದ್ದರೆ ತೆಗೆದುಹಾಕಬೇಕು? 2001ರಲ್ಲಿ ಲ್ಯಾಂಬರ್ಟ್ ಮತ್ತು ಮೆಕಿಯೋನ್ ಎಂಬ ಸಂಶೋಧಕರು ಸೂಚಿಸಿದ ಅಳತೆಯನ್ನು ಹಲವು ಕಡೆ ಬಳಸುತ್ತಾರೆ. ಮುಖ್ಯ ಅಂಗಗಳ ಮೇಲೆ ಬರುವ ಭಾಗದಲ್ಲಿ 15 ಚದರ ಮಿಲಿಮೀಟರ್, ಅಂದರೆ ಒಂದು ತೊಗರಿಬೇಳೆಗಿಂತ ಚಿಕ್ಕದು. ಥೈರಾಯ್ಡ್ ಕಾಲರ್‌ನಲ್ಲಿ 11, ಸುಮಾರು ಒಂದು ಹೆಸರುಕಾಳಿನಷ್ಟು. ಹೊಲಿಗೆಯ ಅಂಚು, ಒಂದರ ಮೇಲೊಂದು ಬರುವ ಭಾಗ, ಬೆನ್ನಿನ ಭಾಗದಲ್ಲಿ 670, ಅಂದರೆ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ನಿಮ್ಮ ಆಸ್ಪತ್ರೆಯ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಿ.

ತೆಗೆದುಹಾಕಿದ ಏಪ್ರನ್ನನ್ನು ಕೆಂಪು, ಹಳದಿ ಚೀಲಕ್ಕೆ ಹಾಕಬೇಡಿ. ಹಳದಿ ಚೀಲ ಸುಡುವುದಕ್ಕೆ ಹೋಗುತ್ತದೆ, ಸೀಸ ಸುಟ್ಟರೆ ಹೊಗೆಯಲ್ಲಿ ಊರಿಗೇ ಬರುತ್ತದೆ. ಗುಜರಿಯವರಿಗೆ ಕೊಟ್ಟರೆ ಅವರು ಬಯಲಲ್ಲಿ ಕರಗಿಸುತ್ತಾರೆ. ಅದು ಅಪಾಯಕಾರಿ ತ್ಯಾಜ್ಯ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ, ಅಥವಾ ವಾಪಸ್ ಪಡೆಯುವ ತಯಾರಕರಿಗೆ, ರಸೀದಿ ಸಮೇತ ಕೊಡಿ. ಅದರ ನಂಬರನ್ನು ರಿಜಿಸ್ಟರ್‌ನಲ್ಲಿ ಹೊಡೆದು ಹಾಕಿ. ಬದಲಿಗೆ ಬಂದ ಹೊಸ ಏಪ್ರನ್‌ಗೆ ಅದೇ ದಿನ ನಂಬರ್ ಕೊಟ್ಟು, ಯಾರ ಮೈಗೂ ಹೋಗುವ ಮೊದಲು ಒಂದು ಎಕ್ಸ್-ರೇ ಚಿತ್ರ ತೆಗೆದಿಡಿ. ಮುಂದಿನ ವರ್ಷ ಬೆರಳಿಗೆ ಗೆರೆ ಸಿಕ್ಕಾಗ ಹೋಲಿಸಿ ನೋಡಲು ಅದು ಬೇಕಾಗುತ್ತದೆ.